ಹಟ್ಟಿಯ ಕ್ಯಾಲ್ಸಿಯಂ ಲೆಕ್ಕ: ಬಾಟಲಿಗಿಂತ ಮೊದಲು ಬಾನಿ ನೋಡಿ

ಕಾರ್ಕಳವಿರಲಿ, ಬೆಳ್ತಂಗಡಿಯಿರಲಿ, ಕುಂದಾಪುರವಿರಲಿ, ಪಶು ಔಷಧಿ ಮಾರುವ ಅಂಗಡಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಕ್ಯಾಲ್ಸಿಯಂ ಬಾಟಲಿಗಳ ಸಾಲು. ಒಂದು ಲೀಟರಿನದು, ಐದು ಲೀಟರಿನ ಕ್ಯಾನು, ಎಲ್ಲದರ ಮೇಲೂ ಕೆಚ್ಚಲು ತುಂಬಿದ ಹಸುವಿನ ಚಿತ್ರ. ಹಾಲು ಇಳಿದರೆ ಕ್ಯಾಲ್ಸಿಯಂ, ಹಸು ಬೆದೆಗೆ ಬರದಿದ್ದರೆ ಕ್ಯಾಲ್ಸಿಯಂ, ಗೋಡೆ ನೆಕ್ಕಿದರೆ ಕ್ಯಾಲ್ಸಿಯಂ, ಕರು ಬಡಕಲಾದರೂ ಕ್ಯಾಲ್ಸಿಯಂ. ಪಶುವೈದ್ಯರನ್ನು ಕರೆಸುವ ಮೊದಲು ಒಂದು ಬಾಟಲಿ ಕುಡಿಸಿ ನೋಡುವುದು ನಮ್ಮ ಕಡೆಯ ಹೈನುಗಾರರಿಗೆ ಅಭ್ಯಾಸವಾಗಿಬಿಟ್ಟಿದೆ.

ಬಾಟಲಿಯನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ. ಸಾಮಾನ್ಯವಾಗಿ ಇಂಥ ದ್ರಾವಣದ 100 ಮಿಲಿಲೀಟರಿನಲ್ಲಿ ಇರುವ ಕ್ಯಾಲ್ಸಿಯಂ ಒಂದೂವರೆಯಿಂದ ಮೂರೂವರೆ ಗ್ರಾಂ. ರಂಜಕ (ಫಾಸ್ಫರಸ್) ಅದರ ಅರ್ಧದಷ್ಟು. ಜೊತೆಗೆ ಒಂದಿಷ್ಟು ಡಿ3 ಮತ್ತು ಬಿ12 ಜೀವಸತ್ವ. ಈಗ ಕೆಚ್ಚಲಿನ ಕಡೆಯ ಲೆಕ್ಕ. ಒಂದು ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಹತ್ತು ಲೀಟರ್ ಕರೆಯುವ ಹಸು ದಿನಕ್ಕೆ 12 ಗ್ರಾಂ ಕ್ಯಾಲ್ಸಿಯಂ ಅನ್ನು ಕ್ಯಾನಿಗೆ ಸುರಿದು ಕೊಡುತ್ತದೆ. ತಿಂದದ್ದರಲ್ಲಿ ಮೈಗೆ ಹತ್ತುವುದು ಅರ್ಧಕ್ಕಿಂತಲೂ ಕಡಿಮೆಯಾದ್ದರಿಂದ, 400 ಕಿಲೋ ತೂಕದ ಅಂಥ ಹಸುವಿಗೆ ಮೇವಿನ ಮೂಲಕ ದಿನಕ್ಕೆ 45 ಗ್ರಾಂ ಆಸುಪಾಸು ಕ್ಯಾಲ್ಸಿಯಂ ಸಿಗಬೇಕು. 100 ಮಿಲಿಲೀಟರ್ ಕುಡಿಸಿದರೆ ಈ ಅಗತ್ಯದ ಹತ್ತನೆಯ ಒಂದು ಪಾಲು ಕೂಡ ಪೂರೈಸುವುದಿಲ್ಲ. ಅದೇ ಹಸುವಿಗೆ ಹಿಂಡಿಯಲ್ಲಿ ಕಲಸಿ 50 ಗ್ರಾಂ ಒಳ್ಳೆಯ ಖನಿಜ ಮಿಶ್ರಣ ಕೊಟ್ಟರೆ 10 ಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ, ಅದೂ ಬಾಟಲಿಗಿಂತ ಎಷ್ಟೋ ಅಗ್ಗಕ್ಕೆ.

ಹಾಗೆಂದು ಬಾಟಲಿ ಮೋಸ ಎಂದು ನಾನು ಹೇಳುತ್ತಿಲ್ಲ. ಲೇಬಲ್ಲಿನಲ್ಲಿ ಬರೆದಷ್ಟು ಅದರಲ್ಲಿ ಇರುತ್ತದೆ ಎಂದೇ ಇಟ್ಟುಕೊಳ್ಳೋಣ. ನನ್ನ ತಕರಾರು ಇರುವುದು ಬೇರೆ ಕಡೆ. ಕ್ಯಾಲ್ಸಿಯಂ ಬೇಕೋ ಬೇಡವೋ, ಬೇಕಿದ್ದರೆ ಎಷ್ಟು ಎಂಬುದನ್ನು ಹೇಳಬೇಕಾದದ್ದು ಹಟ್ಟಿಯ ಬಾನಿ, ಅಂದರೆ ದನಕ್ಕೆ ಆಹಾರ ಕಲಸಿ ಇಡುವ ತೊಟ್ಟಿ. ಬಾನಿಯಲ್ಲಿ ಏನಿದೆ ಎಂದು ಲೆಕ್ಕ ಹಾಕದೆ ಕುಡಿಸುವ ಕ್ಯಾಲ್ಸಿಯಂ ಬಹಳ ಸಲ ವ್ಯರ್ಥ, ಕೆಲವೊಮ್ಮೆ ತಿರುಗುಬಾಣ.

ಈ ಲೆಕ್ಕವನ್ನು ಅತ್ಯಂತ ನಿಷ್ಠುರವಾಗಿ ಹಾಕುವವರು ಮಾಂಸಕ್ಕಾಗಿ ದನ ಕೊಬ್ಬಿಸುವವರು. ಅಮೆರಿಕ, ಆಸ್ಟ್ರೇಲಿಯಾಗಳ ದೊಡ್ಡ ದೊಡ್ಡಿಗಳಲ್ಲಿ ಹೋರಿಗಳಿಗೆ ಹುಲ್ಲು ನೆಪಮಾತ್ರ, ಧಾನ್ಯವೇ ಆಹಾರ. ಕರ್ನಾಟಕದಲ್ಲಿ ಅಂಥ ಉದ್ಯಮಕ್ಕೆ ಎಡೆಯಿಲ್ಲ. ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ 2020 ಜಾರಿಗೆ ಬಂದ ಮೇಲೆ ಹಸು, ಹೋರಿ, ಎತ್ತು, ಕರುಗಳ ವಧೆ ಪೂರ್ಣ ನಿಷಿದ್ಧ. ಎಮ್ಮೆ, ಕೋಣಗಳಿಗೂ 13 ವರ್ಷ ದಾಟಿರಬೇಕೆಂಬ ನಿಯಮವಿದೆ. ಆದರೆ ಅಲ್ಲಿನ ಪೋಷಣಾ ವಿಜ್ಞಾನ ಕಲಿಸಿದ ಪಾಠ ನಮ್ಮ ಹಟ್ಟಿಗೂ ಸಲ್ಲುತ್ತದೆ. ದನದ ಹೊಟ್ಟೆಯೊಳಗಿನ ರಸಾಯನಕ್ಕೆ ದೇಶವೂ ಇಲ್ಲ, ಕಾಯ್ದೆಯೂ ಇಲ್ಲ.

ದಿನಕ್ಕೆ ಒಂದು ಕಿಲೋ ತೂಕ ಏರುತ್ತಿರುವ 300 ಕಿಲೋ ಹೋರಿಯನ್ನು ತೆಗೆದುಕೊಳ್ಳಿ. ಮೈಯ ನಿರ್ವಹಣೆಗೆ ನಾಲ್ಕೂವರೆ ಗ್ರಾಂ, ಹೊಸ ಮೂಳೆ ಮಾಂಸಕ್ಕೆ ಹನ್ನೊಂದು ಹನ್ನೆರಡು ಗ್ರಾಂ ಕ್ಯಾಲ್ಸಿಯಂ ಅದಕ್ಕೆ ನಿಜವಾಗಿ ಬೇಕು. ಅರ್ಧದಷ್ಟೇ ಹೀರಲ್ಪಡುತ್ತದೆ ಎಂದು ಹಿಡಿದರೆ ಆಹಾರದಲ್ಲಿ 30 ಗ್ರಾಂ ದಾಟಿ ಇರಬೇಕು. ಆರು ಕಿಲೋ ಮೆಕ್ಕೆಜೋಳ ತಿಂದರೆ ಅದರಿಂದ ಬರುವುದು ಹೆಚ್ಚೆಂದರೆ ಎರಡು ಗ್ರಾಂ! ಆದರೆ ಅದೇ ಆರು ಕಿಲೋದಲ್ಲಿ ರಂಜಕ ಮಾತ್ರ 18 ಗ್ರಾಂ. ಧಾನ್ಯಗಳ ಗುಣವೇ ಹಾಗೆ, ರಂಜಕ ಯಥೇಚ್ಛ, ಕ್ಯಾಲ್ಸಿಯಂ ಇಲ್ಲವೆಂಬಷ್ಟು ಕಡಿಮೆ. ಆದ್ದರಿಂದ ಅಲ್ಲಿ ಮೇವು ಕಲಸುವಾಗಲೇ ಸುಣ್ಣಕಲ್ಲಿನ ಪುಡಿಯನ್ನು ಸೇರಿಸಿಬಿಡುತ್ತಾರೆ. ಅದರಲ್ಲಿ ಕ್ಯಾಲ್ಸಿಯಂ ಶೇ 38ರವರೆಗೂ ಇರುವುದರಿಂದ ಒಂದು ಹೋರಿಗೆ ದಿನಕ್ಕೆ 80 ಗ್ರಾಂ ಹಾಕಿದರೆ ಕೆಲಸ ಮುಗಿಯಿತು. ಯಾವ ಟಾನಿಕ್ಕಿನ ಹಂಗೂ ಇಲ್ಲ.

ಅಲ್ಲಿ ಕ್ಯಾಲ್ಸಿಯಂ ಹಾಕುವುದು ಮೂಳೆಗಾಗಿ ಮಾತ್ರವೂ ಅಲ್ಲ. ಹುಲ್ಲು ಮೆಲುಕು ಹಾಕುವ ದನ ಧಾರಾಳವಾಗಿ ಜೊಲ್ಲು ಸುರಿಸುತ್ತದೆ, ರಕ್ತದ ಹೆಚ್ಚುವರಿ ರಂಜಕ ಆ ಜೊಲ್ಲಿನೊಡನೆ ಹೊಟ್ಟೆಗೆ ಮರಳಿ ಸೆಗಣಿಯಲ್ಲಿ ಹೊರಬೀಳುತ್ತದೆ. ಧಾನ್ಯ, ಪುಡಿ ಆಹಾರ ಹೆಚ್ಚಾಗಿ ಹುಲ್ಲು ಕಡಿಮೆಯಾದಾಗ ಮೆಲುಕೂ ಕಡಿಮೆ, ಜೊಲ್ಲೂ ಕಡಿಮೆ. ಆಗ ರಂಜಕ ಮೂತ್ರದ ದಾರಿ ಹಿಡಿಯುತ್ತದೆ. ಅಲ್ಲಿ ಮೆಗ್ನೀಸಿಯಂ ಮತ್ತು ಅಮೋನಿಯಂ ಜೊತೆ ಸೇರಿ ಹರಳುಗಟ್ಟುತ್ತದೆ. ಹೆಣ್ಣಿನ ಮೂತ್ರನಾಳ ಗಿಡ್ಡ, ಅಗಲ. ಹರಳು ಜಾರಿ ಹೋಗುತ್ತದೆ. ಗಂಡಿನದು ಉದ್ದ, ಸಪೂರ, ನಡುವೆ ಇಂಗ್ಲಿಷಿನ ಎಸ್ ಅಕ್ಷರದಂತೆ ಎರಡು ತಿರುವು. ಹರಳು ಸಿಕ್ಕಿಕೊಳ್ಳುವುದು ಆ ತಿರುವಿನಲ್ಲೇ. ಬೇಗ ಬೀಜ ಒಡೆಸಿದ ಪ್ರಾಣಿಯಲ್ಲಂತೂ ನಾಳ ಇನ್ನೂ ಸಪೂರವಾಗಿ ಉಳಿದಿರುತ್ತದೆ. ಮೂತ್ರ ಕಟ್ಟಿದ ಹೋರಿ ಹೊಟ್ಟೆಗೆ ಒದ್ದುಕೊಳ್ಳುತ್ತದೆ, ಬಾಲ ಎತ್ತಿ ತಿಣುಕುತ್ತದೆ, ಹನಿ ಹನಿ ಬಿಡುತ್ತದೆ ಅಥವಾ ಏನೂ ಬಿಡುವುದಿಲ್ಲ. ಚಿಕಿತ್ಸೆ ತಡವಾದರೆ ಮೂತ್ರಕೋಶವೇ ಒಡೆಯುತ್ತದೆ. ಕರುಳಿನಲ್ಲಿ ಸಾಕಷ್ಟು ಕ್ಯಾಲ್ಸಿಯಂ ಇದ್ದರೆ ಅದು ರಂಜಕವನ್ನು ಹಿಡಿದು ಅಲ್ಲೇ ನಿಲ್ಲಿಸುತ್ತದೆ. ಆಹಾರದಲ್ಲಿ ರಂಜಕದ ಎರಡರಷ್ಟು ಕ್ಯಾಲ್ಸಿಯಂ ಇರಲಿ ಎಂಬ ನಿಯಮದ ಹಿಂದಿರುವ ಕಾರಣ ಇದು. ಉಪ್ಪು ಕೊಟ್ಟು ಹೆಚ್ಚು ನೀರು ಕುಡಿಯುವಂತೆ ಮಾಡುವುದೂ ಅದರ ಜೊತೆಗಿನ ಉಪಾಯ.

ಈಗ ನಮ್ಮ ಬಾನಿಗೆ ಬನ್ನಿ. ಮೆಕ್ಕೆಜೋಳದ ಜಾಗದಲ್ಲಿ ಇಲ್ಲಿರುವುದು ಕುಚ್ಚಲಕ್ಕಿ ಮಿಲ್ಲಿನ ತೌಡು. ಅಕ್ಕಚ್ಚಿನಲ್ಲಿ ಕಲಸಿ ಇಟ್ಟರೆ ದನ ಬಾನಿ ನೆಕ್ಕಿ ಹೊಳೆಯಿಸುತ್ತದೆ. ಈ ತೌಡು ರಂಜಕದ ವಿಷಯದಲ್ಲಿ ಮೆಕ್ಕೆಜೋಳವನ್ನೂ ಮೀರಿಸುತ್ತದೆ. ಎರಡು ಕಿಲೋ ತೌಡಿನಲ್ಲಿ ರಂಜಕ 30 ಗ್ರಾಂ ಹತ್ತಿರ, ಕ್ಯಾಲ್ಸಿಯಂ ಎರಡು ಗ್ರಾಂ ಕೂಡ ಇಲ್ಲ. ತೌಡಿನ ರಂಜಕದ ಬಹುಪಾಲು ಫೈಟೇಟ್ ಎಂಬ ಬಿಗಿದ ರೂಪದಲ್ಲಿರುವುದರಿಂದ ಕೋಳಿಗೆ ಅದು ದಕ್ಕುವುದಿಲ್ಲ. ದನದ ಹೊಟ್ಟೆಯ ಸೂಕ್ಷ್ಮಜೀವಿಗಳು ಮಾತ್ರ ಅದನ್ನು ಬಿಡಿಸಿಕೊಳ್ಳುತ್ತವೆ. ಹಾಗಾಗಿ ತೌಡು ಧಾರಾಳವಾಗಿ ಬೀಳುವ ಹಟ್ಟಿಯಲ್ಲಿ ಕೊರತೆ ಇರುವುದು ಕ್ಯಾಲ್ಸಿಯಂನದೇ, ರಂಜಕ ಬೇಕಾದ್ದಕ್ಕಿಂತ ಹೆಚ್ಚಿದೆ. ಅಲ್ಲಿ ರಂಜಕವೂ ಇರುವ ದುಬಾರಿ ದ್ರಾವಣಕ್ಕಿಂತ ಪಶು ಆಹಾರ ದರ್ಜೆಯ ಸುಣ್ಣಕಲ್ಲಿನ ಪುಡಿ ಒಂದು ಸಣ್ಣ ಹಿಡಿ ಸಾಕು. ಹಾಲು ಕೊಡುವ ಹಸುವಿಗೆ ತೌಡಿನ ಈ ಹೆಚ್ಚುವರಿ ರಂಜಕದಿಂದ ಮೂತ್ರ ಕಟ್ಟುವ ಭಯ ಕಡಿಮೆ. ಗಂಡು ಕರುಗಳಿಗೆ, ಕೋಣಗಳಿಗೆ ಭಯ ಉಂಟು. ತಾಯಿಗೆ ಕಲಸಿದ ತೌಡನ್ನೇ ಗಂಡು ಕರುವಿಗೂ ಸುರಿದು, ಹುಲ್ಲು ಕಡಿಮೆ ಮಾಡಿ, ಬೇಗ ಮೈ ಹತ್ತಿಸುವ ಉತ್ಸಾಹ ತೋರಿಸುವವರು ಈ ಮಾತನ್ನು ಗಮನಿಸಬೇಕು.

ಗಂಡು ಪ್ರಾಣಿಗೆ ಪುಷ್ಟಿಯಾಗಿ ಉಣಿಸುವ ಕಲೆ ನಮ್ಮ ಜಿಲ್ಲೆಗಳಲ್ಲಿ ಉಳಿದಿರುವುದು ಮುಖ್ಯವಾಗಿ ಕಂಬಳದ ಮನೆಗಳಲ್ಲಿ. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕಂಬಳಕ್ಕೆ ಅವಕಾಶ ಕೊಟ್ಟ ಕಾನೂನನ್ನು ಎತ್ತಿಹಿಡಿದ ಮೇಲೆ ಅಲ್ಲಿನ ಕೋಣಗಳ ಆರೈಕೆಯ ಬಗ್ಗೆ ಹೊರಗಿನವರಿಗೂ ಕುತೂಹಲ ಹೆಚ್ಚಿದೆ. ಎಣ್ಣೆ ತಿಕ್ಕಿ ಮೀಯಿಸುವ ಚಿತ್ರಗಳು ಎಲ್ಲರಿಗೂ ಗೊತ್ತು. ನನಗೆ ಹೆಚ್ಚು ಸ್ವಾರಸ್ಯ ಕಾಣುವುದು ಅವುಗಳ ಹುರುಳಿಯಲ್ಲಿ. ಬೇಳೆಕಾಳುಗಳ ಪೈಕಿ ಹುರುಳಿ ಒಂದು ವಿಶೇಷ. 100 ಗ್ರಾಂ ಹುರುಳಿಯಲ್ಲಿ 270ರಿಂದ 290 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ರಂಜಕ ಸುಮಾರು 300 ಮಿಲಿಗ್ರಾಂ. ಎಂದರೆ ಹೆಚ್ಚುಕಡಿಮೆ ಸಮಸಮ. ತೌಡಿನಲ್ಲಿ ಒಂದಕ್ಕೆ ಇಪ್ಪತ್ತರಷ್ಟು ಓರೆಯಾಗಿರುವ ತಕ್ಕಡಿ ಹುರುಳಿಯಲ್ಲಿ ಬಹುತೇಕ ನೇರವಾಗಿದೆ. ಹಿಂದಿನವರು ಈ ಲೆಕ್ಕ ಹಾಕಿಯೇ ಹುರುಳಿ ಆರಿಸಿದರು ಎಂದು ನಾನು ವಾದಿಸುವುದಿಲ್ಲ. ಅವರು ನೋಡಿದ್ದು ಕೋಣದ ಕಸುವನ್ನು. ಆದರೂ ಗಂಡು ಪ್ರಾಣಿಗೆ ಕಾಳು ಉಣಿಸಲೇಬೇಕಿದ್ದರೆ ಇದಕ್ಕಿಂತ ಸುರಕ್ಷಿತವಾದದ್ದನ್ನು ಹುಡುಕುವುದು ಕಷ್ಟ. ಜೊತೆಗೆ ಹೊಟ್ಟೆ ತುಂಬ ಹುಲ್ಲು ಇರಬೇಕು, ಅದು ಬೇರೆ ಮಾತು.

ಇನ್ನೊಂದು ತುದಿಯಲ್ಲಿ ಇರುವುದು ಬೈಹುಲ್ಲು. ಗದ್ದೆಗಳು ಅಡಿಕೆ ತೋಟಗಳಾದ ಮೇಲೆ, ಹಡಿಲು ಬಿದ್ದ ಮೇಲೆ, ಕರಾವಳಿಗೆ ಬೈಹುಲ್ಲು ಘಟ್ಟದ ಮೇಲಿನಿಂದ ಲಾರಿಯಲ್ಲಿ ಇಳಿಯುತ್ತದೆ. ದುಡ್ಡು ಕೊಟ್ಟು ತಂದ ಮೇವಾದ್ದರಿಂದ ಅದಕ್ಕೆ ಮರ್ಯಾದೆಯೂ ಹೆಚ್ಚು. ಪೌಷ್ಟಿಕಾಂಶ ನೋಡಿದರೆ ಅಷ್ಟು ಮರ್ಯಾದೆಗೆ ಅದು ಅರ್ಹವಲ್ಲ. ಏಳು ಕಿಲೋ ಬೈಹುಲ್ಲಿನಲ್ಲಿ ರಂಜಕ ಐದು ಗ್ರಾಂ ಆಸುಪಾಸು, 400 ಕಿಲೋ ತೂಕದ ಹಸು ಒಂದು ಹನಿ ಹಾಲು ಕೊಡದೆ ಸುಮ್ಮನೆ ನಿಂತಿದ್ದರೂ ಅದರ ಎರಡರಷ್ಟು ಬೇಕು. ಕ್ಯಾಲ್ಸಿಯಂ ಕಾಗದದ ಮೇಲೆ 15 ಗ್ರಾಂ ದಾಟುತ್ತದೆ, ಆದರೆ ಬೈಹುಲ್ಲಿನಲ್ಲಿರುವ ಆಕ್ಸಲೇಟ್ ಅದರ ಒಂದು ಪಾಲನ್ನು ಕರಗದ ಹರಳಾಗಿ ಕಟ್ಟಿ ಸೆಗಣಿಯಲ್ಲಿ ಕಳಿಸಿಬಿಡುತ್ತದೆ. ತೋಟದ ಅಂಚಿನಲ್ಲಿ ಬೆಳೆಸುವ ಹೈಬ್ರಿಡ್ ನೇಪಿಯರ್ ಹುಲ್ಲಿನಲ್ಲಿಯೂ ಈ ಆಕ್ಸಲೇಟ್ ಉಂಟು, ಎಳೆಯ ಹುಲ್ಲಿನಲ್ಲಿ ಇನ್ನೂ ಹೆಚ್ಚು. ದನದ ಹೊಟ್ಟೆಯಲ್ಲಿ ಆಕ್ಸಲೇಟನ್ನು ಒಡೆಯುವ ಸೂಕ್ಷ್ಮಜೀವಿಗಳು ಇವೆ, ಆದರೆ ಅವು ವೃದ್ಧಿಯಾಗಲು ಸಮಯ ಬೇಕು. ಮೇವನ್ನು ಒಮ್ಮೆಲೇ ಬದಲಿಸದೆ ವಾರ ಎರಡು ವಾರ ತೆಗೆದುಕೊಂಡು ಬದಲಿಸಿ ಎಂದು ವೈದ್ಯರು ಹೇಳುವುದು ಇದಕ್ಕಾಗಿಯೂ ಹೌದು.

ಮಣ್ಣಿನ ಕಥೆ ಗೊತ್ತಿರುವುದೇ. ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಮುರಕಲ್ಲಿನ ನೆಲದಲ್ಲಿ ಸುಣ್ಣದಂಶ ಕೊಚ್ಚಿ ಹೋಗಿ ಹುಳಿ ಉಳಿದಿದೆ. ಇದ್ದ ರಂಜಕವನ್ನು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಂಡು ಬೇರಿಗೆ ಸಿಗದಂತೆ ಮಾಡುತ್ತವೆ. ಅಂಥ ಗುಡ್ಡದ ಹುಲ್ಲು ಮೇದು ಬರುವ ದನ ದಾರಿಯಲ್ಲಿ ಮೂಳೆ, ಬಟ್ಟೆ, ಪ್ಲಾಸ್ಟಿಕ್ ಅಗಿಯುತ್ತಿದ್ದರೆ ಮೊದಲ ಸಂಶಯ ಹೋಗಬೇಕಾದದ್ದು ರಂಜಕದ ಮೇಲೆ. ಸುಣ್ಣ ಬಳಿದ ಗೋಡೆ ನೆಕ್ಕಿದರೆ ಸುಣ್ಣ ಕಡಿಮೆಯಾಗಿದೆ ಎಂದು ನಾವು ತೀರ್ಮಾನಿಸುತ್ತೇವೆ, ಬಹಳ ಸಲ ಅದಕ್ಕೆ ಬೇಕಿರುವುದು ಉಪ್ಪು. ಕರು ಹಾಕಿದ ಕೆಲವು ವಾರಗಳಲ್ಲಿ ಹಸು ಅಥವಾ ಎಮ್ಮೆ ಕಾಫಿ ಬಣ್ಣದ ಮೂತ್ರ ಮಾಡಿದರೆ ರಂಜಕ ಕುಸಿದು ರಕ್ತಕಣಗಳು ಒಡೆಯುತ್ತಿರಬಹುದು. ಉಣ್ಣಿಯಿಂದ ಹರಡುವ ಬೇಬಿಸಿಯೋಸಿಸ್ ರೋಗದಲ್ಲೂ ಮೂತ್ರ ಕೆಂಪಾಗುವುದರಿಂದ ರಕ್ತ ಪರೀಕ್ಷೆ ಮಾಡಿಸಿಯೇ ಮುಂದುವರಿಯಬೇಕು. ಎರಡರಲ್ಲಿ ಯಾವುದೇ ಆಗಲಿ, ಬರೀ ಕ್ಯಾಲ್ಸಿಯಂ ಕುಡಿಸುತ್ತ ಕುಳಿತರೆ ಕಳೆಯುವುದು ಅಮೂಲ್ಯ ಸಮಯ.

ಒಂದೇ ಊರಿನಲ್ಲಿ ತೌಡಿನ ಹಟ್ಟಿಗೆ ರಂಜಕ ಹೆಚ್ಚು, ಬೈಹುಲ್ಲಿನ ಹಟ್ಟಿಗೆ ರಂಜಕ ಕಡಿಮೆ. ಇಬ್ಬರೂ ಕೊಳ್ಳುವುದು ಅದೇ ಬಾಟಲಿ.

ಬಾಟಲಿಯ ಅತಿ ದೊಡ್ಡ ದುರುಪಯೋಗ ಆಗುವುದು ತುಂಬು ಗಬ್ಬದ ಹಸುವಿನ ವಿಷಯದಲ್ಲಿ. ಕರು ಹಾಕಿದ ಮೇಲೆ ಹಾಲು ಜ್ವರ ಬಾರದಿರಲಿ ಎಂದು ಎಂಟನೆಯ ತಿಂಗಳಿನಿಂದಲೇ ಕ್ಯಾಲ್ಸಿಯಂ ಕುಡಿಸುವವರಿದ್ದಾರೆ. ಹೆಸರು ಜ್ವರ ಎಂದಿದ್ದರೂ ಈ ಕಾಯಿಲೆಯಲ್ಲಿ ರಕ್ತದ ಕ್ಯಾಲ್ಸಿಯಂ ಕುಸಿದು ಮೈ ತಣ್ಣಗಾಗುತ್ತದೆ, ಕಿವಿ ಮುಟ್ಟಿದರೆ ಗೊತ್ತಾಗುತ್ತದೆ. ಹಸುವಿನ ಇಡೀ ರಕ್ತದಲ್ಲಿ ಹರಿದಾಡುವ ಕ್ಯಾಲ್ಸಿಯಂ ಎರಡು ಮೂರು ಗ್ರಾಂ ಮಾತ್ರ. ಗಿಣ್ಣಿನ ಹಾಲಿನಲ್ಲಿ ಲೀಟರಿಗೆ ಎರಡು ಗ್ರಾಂ ಇರುತ್ತದೆ. ಕರು ಹಾಕಿದ ದಿನ ಕೆಚ್ಚಲು ಎಳೆದುಕೊಳ್ಳುವುದನ್ನು ತುಂಬಿಕೊಡಲು ಮೂಳೆಯ ಉಗ್ರಾಣ ತೆರೆಯಬೇಕು, ಕರುಳು ಹೆಚ್ಚು ಹೀರಬೇಕು. ಇದನ್ನು ನಡೆಸುವುದು ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನು ಮತ್ತು ಮೂತ್ರಪಿಂಡದಲ್ಲಿ ಸಕ್ರಿಯಗೊಳ್ಳುವ ಡಿ ಜೀವಸತ್ವ. ಇವು ಪೂರ್ತಿ ಚುರುಕಾಗಲು ಒಂದೆರಡು ದಿನ ಬೇಕು. ಗಬ್ಬದ ಕೊನೆಯ ವಾರಗಳಲ್ಲಿ ಬಾಯಿಂದಲೇ ಮಿತಿಮೀರಿ ಕ್ಯಾಲ್ಸಿಯಂ ಸಿಗುತ್ತಿದ್ದರೆ ಈ ವ್ಯವಸ್ಥೆಗೆ ಕೆಲಸವೇ ಇರುವುದಿಲ್ಲ, ಅದು ತೂಕಡಿಸುತ್ತದೆ. ಬೇಕಾದ ದಿನ ಏಳುವುದಿಲ್ಲ.

ಇದರ ಜೊತೆ ಕರಾವಳಿಯಲ್ಲಿ ಇನ್ನೊಂದು ತೊಡಕು ಸೇರಿಕೊಂಡಿದೆ, ಅದರ ಬಗ್ಗೆ ಮಾತು ಕಡಿಮೆ. ಗೋಬರ್ ಗ್ಯಾಸಿನ ಸ್ಲರಿ, ಹಟ್ಟಿ ತೊಳೆದ ಗಂಜಲದ ನೀರು ನೇರವಾಗಿ ಹೋಗುವುದು ನೇಪಿಯರ್ ಹುಲ್ಲಿನ ಬುಡಕ್ಕೆ. ಹುಲ್ಲು ದಟ್ಟವಾಗಿ ಬೆಳೆಯುತ್ತದೆ, ನೋಡಲು ಚೆಂದ. ಆದರೆ ಗಂಜಲದ ತುಂಬ ಪೊಟ್ಯಾಸಿಯಂ ಇದೆ, ಹುಲ್ಲಿನ ಜಾತಿ ಅದನ್ನು ಬೇಕಾದ್ದಕ್ಕಿಂತ ಹೆಚ್ಚು ಹೀರಿಕೊಳ್ಳುತ್ತದೆ. ಪೊಟ್ಯಾಸಿಯಂ ಹೆಚ್ಚಿದ ಮೇವು ತಿಂದ ಹಸುವಿನ ರಕ್ತ ಕ್ಷಾರದ ಕಡೆ ವಾಲುತ್ತದೆ, ಆಗ ಮೂಳೆ ಮತ್ತು ಮೂತ್ರಪಿಂಡಗಳು ಪ್ಯಾರಾಥೈರಾಯ್ಡ್ ಹಾರ್ಮೋನಿನ ಕರೆಗೆ ಸರಿಯಾಗಿ ಓಗೊಡುವುದಿಲ್ಲ. ಹಾಲು ಜ್ವರಕ್ಕೆ ಕಾರಣ ಕ್ಯಾಲ್ಸಿಯಂ ಕೊರತೆ ಎನ್ನುವುದಕ್ಕಿಂತ ಈ ಕಿವುಡುತನ ಎನ್ನುವುದೇ ಹೆಚ್ಚು ಸರಿ ಎಂದು ಈಗಿನ ಪಶುವಿಜ್ಞಾನ ಹೇಳುತ್ತದೆ. ಹೊರದೇಶಗಳ ದೊಡ್ಡ ಡೇರಿಗಳು ಗಬ್ಬದ ಕೊನೆಯ ಮೂರು ವಾರ ಆಮ್ಲೀಯ ಲವಣಗಳನ್ನು ಕೊಟ್ಟು ರಕ್ತವನ್ನು ಆಮ್ಲದ ಕಡೆ ಎಳೆದು ತರುತ್ತವೆ. ಮೂರು ನಾಲ್ಕು ಹಸುಗಳ ನಮ್ಮ ಹಟ್ಟಿಯಲ್ಲಿ ಅಷ್ಟು ರಗಳೆ ಬೇಡ. ಆ ಮೂರು ವಾರ ಸ್ಲರಿ ಉಂಡ ಹುಲ್ಲನ್ನು ಕರೆಯುವ ಹಸುಗಳಿಗೆ ಹಾಕಿ, ಗಬ್ಬದ ಹಸುವಿಗೆ ಸ್ಲರಿ ಕಾಣದ ಹುಲ್ಲು, ಒಂದಿಷ್ಟು ಬೈಹುಲ್ಲು, ಮೆಗ್ನೀಸಿಯಂ ಇರುವ ಖನಿಜ ಮಿಶ್ರಣ, ಹದವಾಗಿ ಹಿಂಡಿ ಕೊಟ್ಟರೂ ಅಪಾಯ ಎಷ್ಟೋ ತಗ್ಗುತ್ತದೆ. ಮೂರನೆಯ ಕರುವಿನ ನಂತರದ ಜೆರ್ಸಿ ಮಿಶ್ರತಳಿಗಳ ಬಗ್ಗೆ ವಿಶೇಷ ಎಚ್ಚರ ಬೇಕು. ದಿನಕ್ಕೆ ಒಂದೆರಡು ಲೀಟರ್ ಕೊಡುವ ಮಲೆನಾಡು ಗಿಡ್ಡ ಎಂಬ ನಾಟಿ ತಳಿಗೆ ಈ ಕಾಯಿಲೆ ಅಪರೂಪ, ಅದಕ್ಕಾಗಿ ದುಡ್ಡು ಸುರಿಯುವುದು ಬೇಡ.

ಕರು ಹಾಕಿದ ಮೇಲಿನ ಕಥೆ ಬೇರೆ. ಹಸು ನಿಂತಿರುವಾಗಲೇ, ಕರು ಹಾಕಿದ ಕೆಲವೇ ಗಂಟೆಗಳಲ್ಲಿ ಕೊಡುವ ಕ್ಯಾಲ್ಸಿಯಂ ಜೆಲ್ ನಿಜಕ್ಕೂ ಉಪಯೋಗದ್ದು. ಅದರಲ್ಲಿ 40ರಿಂದ 50 ಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಟಾನಿಕ್ಕಿಗೂ ಅದಕ್ಕೂ ಹೋಲಿಕೆ ಇಲ್ಲ. ಹಸು ಮಲಗಿ, ಕುತ್ತಿಗೆ ಪಕ್ಕೆಗೆ ತಿರುಗಿಸಿ ಏಳದೆ ಹೋದರೆ ಬಾಯಿಗೆ ಏನನ್ನೂ ಹಾಕಬಾರದು. ನುಂಗುವ ಶಕ್ತಿ ಕುಂದಿರುತ್ತದೆ, ಹಾಕಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಆಗ ಬೇಕಾದದ್ದು ವೈದ್ಯರು ರಕ್ತನಾಳಕ್ಕೆ ಕೊಡುವ ಕ್ಯಾಲ್ಸಿಯಂ ಬೋರೋಗ್ಲುಕೋನೇಟ್. ಒಂದು ಬಾಟಲಿಯಲ್ಲಿರುವ ಎಂಟು ಹತ್ತು ಗ್ರಾಂ ಕ್ಯಾಲ್ಸಿಯಂ ಇಡೀ ರಕ್ತದಲ್ಲಿರುವುದರ ಹಲವು ಪಟ್ಟು. ವೈದ್ಯರು ನಿಧಾನವಾಗಿ ಹನಿಸುತ್ತ ನಡುನಡುವೆ ಎದೆಬಡಿತ ಆಲಿಸುವುದು ಅದಕ್ಕೇ, ಅವಸರ ಮಾಡಿದರೆ ಹೃದಯ ನಿಂತೀತು. ಇದನ್ನು ಯೂಟ್ಯೂಬ್ ನೋಡಿ ಕಲಿಯುವ ಕೆಲಸವಲ್ಲ.

ಕಡಲ ತೀರದಲ್ಲಿರುವ ನಮ್ಮನ್ನು ಆಗಾಗ ಕೇಳುವ ಪ್ರಶ್ನೆ: ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು ಇಷ್ಟೊಂದು ಬಿದ್ದಿರುವಾಗ ಕ್ಯಾಲ್ಸಿಯಂ ಕೊಳ್ಳುವುದೇಕೆ? ಪ್ರಶ್ನೆ ನ್ಯಾಯವಾದದ್ದು. ಚೆನ್ನಾಗಿ ತೊಳೆದು, ಉಪ್ಪು ಮರಳು ಹೋಗಲಾಡಿಸಿ, ಒಣಗಿಸಿ ನುಣ್ಣಗೆ ಪುಡಿ ಮಾಡಿದ ಚಿಪ್ಪು ಸುಣ್ಣಕಲ್ಲಿನಷ್ಟೇ ಒಳ್ಳೆಯ ಕ್ಯಾಲ್ಸಿಯಂ ಕಾರ್ಬೊನೇಟ್. ಚಿಪ್ಪನ್ನು ಸುಟ್ಟು ಅರಳಿಸಿದ ಸುಣ್ಣ ಮಾತ್ರ ಬೇಡ, ಅದರ ಕ್ಷಾರ ಬಾಯಿ, ಅನ್ನನಾಳ ಸುಡುತ್ತದೆ. ಎಲೆಯಡಿಕೆಗೆ ಹಚ್ಚುವ ಪ್ರಮಾಣ ಬೇರೆ, ಬಾನಿಗೆ ಹಾಕುವ ಪ್ರಮಾಣ ಬೇರೆ. ಅಡಿಕೆ ಬುಡಕ್ಕೆ ತಂದ ಕೃಷಿ ಸುಣ್ಣ, ಡಾಲಮೈಟ್ ಚೀಲದಿಂದ ದನಕ್ಕೂ ಒಂದು ಹಿಡಿ ಎಂಬ ಮಿತವ್ಯಯವೂ ಸಲ್ಲದು, ಅದರಲ್ಲಿ ಸೀಸದಂಥ ಭಾರ ಲೋಹಗಳು ಎಷ್ಟಿವೆ ಎಂದು ಯಾರೂ ಪಶು ಆಹಾರದ ದೃಷ್ಟಿಯಿಂದ ನೋಡಿರುವುದಿಲ್ಲ. ಮುಖ್ಯವಾಗಿ, ಚಿಪ್ಪಿನಲ್ಲಿ ರಂಜಕವಿಲ್ಲ. ತೌಡಿನ ಹಟ್ಟಿಗೆ ಅದು ಒಪ್ಪುತ್ತದೆ, ಬೈಹುಲ್ಲಿನ ಹಟ್ಟಿಗೆ ಕ್ಯಾಲ್ಸಿಯಂ, ರಂಜಕ ಎರಡನ್ನೂ ಕೊಡುವ ಡೈಕ್ಯಾಲ್ಸಿಯಂ ಫಾಸ್ಫೇಟ್ ಇರುವ ಮಿಶ್ರಣವೇ ಬೇಕು. ಹೆಚ್ಚಾದರೂ ತೊಂದರೆಯೇನು ಎನ್ನುವವರಿಗೆ ಒಂದು ಮಾತು: ಅತಿ ಕ್ಯಾಲ್ಸಿಯಂ ಸತುವಿನಂಥ ಖನಿಜಗಳ ಹೀರಿಕೆಗೆ ಅಡ್ಡಬರುತ್ತದೆ, ಮೇವಿನ ಜಿಡ್ಡಿನ ಜೊತೆ ಸೇರಿ ಸಾಬೂನಾಗುತ್ತದೆ.

ಖನಿಜ ಮಿಶ್ರಣ ಕೊಳ್ಳುವಾಗ ಚೀಲದ ಮೇಲೆ ಭಾರತೀಯ ಮಾನಕ ಬ್ಯೂರೋದ ಐಎಸ್ 1664 ಗುರುತು ಇದೆಯೇ ನೋಡಿ. ಕನಿಷ್ಠ ಶೇ 20 ಕ್ಯಾಲ್ಸಿಯಂ, ಶೇ 12 ರಂಜಕ, ಶೇ 5 ಮೆಗ್ನೀಸಿಯಂ ಇರಬೇಕು, ಫ್ಲೋರಿನ್ ಶೇ 0.07 ಮೀರಬಾರದು. ಕಲ್ಲು ರಂಜಕದಿಂದ (ರಾಕ್ ಫಾಸ್ಫೇಟ್) ಅಗ್ಗವಾಗಿ ತಯಾರಿಸಿದ ಮಾಲಿನಲ್ಲಿ ಫ್ಲೋರಿನ್ ಉಳಿದಿದ್ದರೆ ಹಲ್ಲು ಮೂಳೆಗಳನ್ನು ಅದು ಕೆಡಿಸುತ್ತದೆ, ಆದ್ದರಿಂದ ಆ ಕೊನೆಯ ಅಂಕಿಯನ್ನು ಕಡೆಗಣಿಸಬೇಡಿ.

ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಿಗೆ ಒಂದೇ ಹಾಲು ಒಕ್ಕೂಟ. ಊರೂರಿನ ಸೊಸೈಟಿಯಲ್ಲಿ ಹಾಲಿನ ಜಿಡ್ಡು ಅಳೆಯುವುದು ಪ್ರತಿದಿನದ ಕೆಲಸ, ದರ ನಿಂತಿರುವುದು ಅದರ ಮೇಲೆ. ಆ ಹಾಲಾಗುವ ಮೇವನ್ನು ಮಾತ್ರ ಯಾರೂ ಅಳೆಯುವುದಿಲ್ಲ. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಈ ಹಿಂದೆ ರಾಷ್ಟ್ರೀಯ ಡೇರಿ ಯೋಜನೆಯಡಿ ಸಮತೋಲಿತ ಆಹಾರದ ಕಾರ್ಯಕ್ರಮ ನಡೆಸಿತ್ತು. ಹಳ್ಳಿಯ ಒಬ್ಬರಿಗೇ ತರಬೇತಿ ಕೊಟ್ಟು, ಹಸುವಿನ ತೂಕ, ಹಾಲು, ಮನೆಯಲ್ಲಿರುವ ಮೇವುಗಳನ್ನು ಕಂಪ್ಯೂಟರಿಗೆ ಉಣಿಸಿ, ಯಾವುದನ್ನು ಎಷ್ಟು ಹಾಕಬೇಕೆಂದು ಹೇಳಿಸುವ ವ್ಯವಸ್ಥೆ ಅದು. ನಮ್ಮಲ್ಲಿ ಅದನ್ನು ಮತ್ತೆ ಕೈಗೆತ್ತಿಕೊಳ್ಳುವುದಾದರೆ ರಾಜ್ಯದ ಸರಾಸರಿ ಅಂಕಿಗಳಿಂದ ಆರಂಭಿಸುವುದು ಬೇಡ. ಮೊದಲು ಪ್ರತಿ ಸೊಸೈಟಿಯಿಂದ ಮೂರೇ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸಲಿ: ಸ್ಥಳೀಯ ಮಿಲ್ಲಿನ ತೌಡು, ಸ್ಲರಿ ಹಾಯಿಸಿದ ನೇಪಿಯರ್, ಲಾರಿಯಲ್ಲಿ ಬಂದ ಬೈಹುಲ್ಲು. ಕ್ಯಾಲ್ಸಿಯಂ, ರಂಜಕ, ಪೊಟ್ಯಾಸಿಯಂ, ಆಕ್ಸಲೇಟ್ ನಾಲ್ಕರ ಪ್ರಮಾಣ ಸಿಕ್ಕಿದರೆ ಸೊಸೈಟಿಯ ಗೋಡೆಯ ಮೇಲೆ, ಹಾಲಿನ ದರಪಟ್ಟಿಯ ಪಕ್ಕದಲ್ಲಿ, ಅದನ್ನು ಬರೆದು ಹಾಕಬಹುದು.